ಗೋಡೆಯ ಮೇಲಿನ ಕೆಂಪು

ನಾವು ಮಾಡುತ್ತಿದ್ದ ಆ್ಯನಿಮೇಷನ್ ಚಿತ್ರದಲ್ಲಿ ಒಂದು ಬೀದಿಯಲ್ಲಿ ಸಂಜೆಯಾಗುತ್ತದೆ. ಚಿಕ್ಕಮ್ಮ ಒಂದೊಂದು ಮನೆಯ ಬಣ್ಣವನ್ನೂ ಬೇರೆ ಬೇರೆಯಾಗಿ, ಕೈಯಿಂದಲೇ ಹೊಂದಿಸಿದ್ದಳು. ನನ್ನನ್ನು ಈ ಸ್ಟುಡಿಯೋಗೆ ಸೇರಿಸಿದವಳೂ ಅವಳೇ. ಗಿರಾಕಿ ಪದೇ ಪದೇ ಬಣ್ಣ ಬದಲಿಸಿ ಎನ್ನುತ್ತಿದ್ದುದರಿಂದ ನಾನು ಕಂಪ್ಯೂಟರಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು, ಎಲ್ಲ ಬಣ್ಣಗಳನ್ನೂ ಪರದೆಯ ಮೇಲಿನ ಒಂದೇ ಸ್ಲೈಡರ್‌ಗೆ ಕಟ್ಟಿದೆ. ಅದನ್ನು ಎಳೆದರೆ ಇಡೀ ಬೀದಿ ಒಟ್ಟಿಗೆ ಕಿತ್ತಳೆಯಿಂದ ನೀಲಿಗೆ ತಿರುಗುತ್ತಿತ್ತು.

“ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದ್ದನ್ನ ಇವಳು ಕಾಫಿ ಆರೋದ್ರೊಳಗೆ ಮುಗಿಸಿದ್ಲು,” ಎಂದು ಚಿಕ್ಕಮ್ಮ ನಕ್ಕಳು.

ಸ್ಟುಡಿಯೋದ ಯಜಮಾನರು ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿದರು. ಚಿಕ್ಕಮ್ಮನ ಸಂಜೆಯಲ್ಲಿ ಆಕಾಶ ಕಪ್ಪಾದ ಮೇಲೂ ಇಟ್ಟಿಗೆ ಗೋಡೆಗಳ ಮೇಲೆ ಕೆಂಪು ಸ್ವಲ್ಪ ಹೊತ್ತು ಉಳಿದಿತ್ತು. ನನ್ನದರಲ್ಲಿ ದೀಪ ಆರಿಸಿದಂತೆ ಎಲ್ಲವೂ ಒಮ್ಮೆಲೇ ಹೋಯಿತು.

“ನೀನೇ ಹೇಳಮ್ಮ, ಯಾವುದು ಇಡೋಣ?” ಎಂದು ಯಜಮಾನರು ನನ್ನನ್ನು ಕೇಳಿದರು.

ಚಿಕ್ಕಮ್ಮನದೇ ಚೆನ್ನ ಎಂದು ನನಗೆ ಗೊತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಮೇಜು ನೋಡಿದೆ.

“ಹೊಸದೇ ಇರ್ಲಿ ಬಿಡಿ ಸಾರ್,” ಎಂದು ಚಿಕ್ಕಮ್ಮ ಎದ್ದಳು. ಮಧ್ಯಾಹ್ನವೇ ಚಿತ್ರ ಗಿರಾಕಿಗೆ ಹೋಯಿತು.

ಸಂಜೆ ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, “ಆ ಗೋಡೆಗಳನ್ನ ನೋಡಿದ್ಯೇನೆ?”

“ಹೂಂ ಚಿಕ್ಕಮ್ಮ.”

“ನಿಂಗೆ ಕಾಣ್ಲಿಲ್ಲವೇನೋ ಅಂದ್ಕೊಂಡು ಸುಮ್ನಾದೆ ಕಣೇ.”

ಗೋಡೆಗಳ ಕೆಂಪು ತಡವಾಗಿ ಆರುವಂತೆ ಮಾಡಲು ನನ್ನ ಸ್ಕ್ರಿಪ್ಟಿನಲ್ಲಿ ಇನ್ನೊಂದು ಸಾಲು ಸಾಕಿತ್ತು. ಅದನ್ನೂ ನಾನು ಅವಳಿಗೆ ಹೇಳಲಿಲ್ಲ. ದಿನವೂ ನನಗಾಗಿ ಕಾಯುತ್ತಿದ್ದ ಚಿಕ್ಕಮ್ಮ ಅಂದು ಕಾಯದೆ ಮುಂದೆ ಇಳಿದು ಹೋದಳು.