ಕೆಲಸಕ್ಕೆ ಐದು ಹೆಸರು

ಇಂಗ್ಲಿಷ್ ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಮದುವೆಯಾಗಿ ತಾರ್ನಾಕಕ್ಕೆ ಬಂದ ಮೇಲೆ ತೆಲುಗು ತರಕಾರಿ ಅಂಗಡಿಯಲ್ಲಿ ಬಂತು, ಹಿಂದಿ ಸಿಟಿ ಬಸ್ಸಿನಲ್ಲಿ ಬಂತು. ಇಂಗ್ಲಿಷು ಮಾತ್ರ ರಾಯಚೂರಿನ ಶಾಲೆಯ ಬೆಂಚಿನ ಮೇಲೆಯೇ ಉಳಿದುಬಿಟ್ಟಿತು. ಎಪ್ಪತ್ತಾರನೆಯ ಇಸವಿಯಲ್ಲಿ ನನ್ನ ಯಜಮಾನರು ರಾಘವೇಂದ್ರರಾಯರ ಕಣ್ಣು ಪೂರ್ತಿ ಹೋದವು. ಹಿಮಾಯತ್‌ನಗರದ ಸರ್ಕಾರಿ ಕಚೇರಿಯಲ್ಲಿ ಅವರು ಗುಮಾಸ್ತರು. ಅವರ ಬದಲು ನನಗೆ ನೌಕರಿ ಕೊಡಬಹುದೆಂದು ಕಚೇರಿಯವರು ಹೇಳಿದರು, ಆದರೆ ಸಾಹೇಬರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕು. ಆಗದಿದ್ದರೆ ತಾರ್ನಾಕದ ಬಾಡಿಗೆ ಮನೆ ಬಿಟ್ಟು, ಅತ್ತೆಯವರನ್ನೂ ಕಟ್ಟಿಕೊಂಡು ನನ್ನ ಅಣ್ಣನ ಮನೆಯ ಅನ್ನಕ್ಕೆ ಕೈಯೊಡ್ಡಬೇಕು. ನನಗಿದ್ದದ್ದು ಒಂದೂವರೆ ತಿಂಗಳು.

"ಡಿಕ್ಷನರಿ ಬಾಯಿಪಾಠ ಮಾಡಬ್ಯಾಡ ಉಮಾ," ಎಂದರು ನಮ್ಮವರು. "ಸಾಹೇಬ ಕೇಳೋದು ಕೆಲಸದ ಬಗ್ಗೇನ. ಆ ಒಂದು ಶಬ್ದದ ಬಳಗ ಎಲ್ಲಾ ಗುರ್ತು ಮಾಡ್ಕೋ."

ವರ್ಕ್, ಜಾಬ್, ಡ್ಯೂಟಿ, ಲೇಬರ್, ಸರ್ವಿಸ್. ಎಲ್ಲವೂ ಕೆಲಸವೇ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಚರಿಗೆ, ಗಿಂಡಿ, ಕೊಡ, ಎಲ್ಲದರಲ್ಲೂ ನೀರೇ ಇರುತ್ತದೆಂದು ಆಚಮನಕ್ಕೆ ಯಾರಾದರೂ ಕೊಡ ಹಿಡಿದು ಕೂಡುತ್ತಾರೆಯೇ? ಪಗಾರ ಬರುವುದು ಜಾಬ್. ತಪ್ಪಿಸುವಂತಿಲ್ಲದ್ದು ಡ್ಯೂಟಿ. ಮೈ ಮುರಿದು ದುಡಿದರೆ ಲೇಬರ್. ಇಷ್ಟು ವರ್ಷ ನೌಕರಿಯಾಯಿತು ಎನ್ನಲು ಸರ್ವಿಸ್.

"ನಾ ಭಾಂಡಿ ತಿಕ್ಕೋದು?"

"ವರ್ಕ್. ಪಗಾರ ಕೊಟ್ಟರ ಜಾಬ್ ಆಗ್ತದ."

ಕೊಡುವವರು ಯಾರು? ನಾನು ಭಾಂಡಿ ತಿಕ್ಕಲು ಎದ್ದೆ.

ತೊಡಕಾದದ್ದು ಮಡಿಯಿಂದ. ಅತ್ತೆ ಗೋದಾಬಾಯಿಯವರಿಗೆ ಮೊಣಕಾಲು ನೋವು, ಹೀಗಾಗಿ ಅಡಿಗೆ ನನ್ನದು. ಮಡಿ ಸೀರೆ ಉಟ್ಟ ಮೇಲೆ ನೋಟುಬುಕ್ಕು ಮುಟ್ಟುವಂತಿಲ್ಲ. ಮಧ್ಯಾಹ್ನ ನಮ್ಮವರ ಜೊತೆ ಆಸ್ಪತ್ರೆ, ಸಂಜೆ ನಳದ ನೀರು; ಓದಲು ಸಿಗುವುದೇ ಒಲೆಯ ಮುಂದಿನ ಆ ಎರಡು ತಾಸು. ಕಡೆಗೆ ಬುಕ್ಕನ್ನು ಗೋಡೆಗೆ ಆನಿಸಿಟ್ಟು ಇಕ್ಕಳದಿಂದ ಹಾಳೆ ತಿರುವತೊಡಗಿದೆ. ಮೂರನೆಯ ದಿನ ಒಂದು ಹಾಳೆ ಕಿತ್ತುಬಂದು ಸಾರಿನೊಳಗೆ ಬಿತ್ತು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ. ಇನ್ನು ನನ್ನ ತವರಿನ ಏಳು ತಲೆಮಾರು ಎಣಿಸುತ್ತಾರೆಂದು ತಲೆ ತಗ್ಗಿಸಿದೆ.

"ಆ ಸಾರು ಚೆಲ್ಲು," ಎಂದರು. "ನಾಳಿಂದ ಮಡಿ ನಾ ಉಡ್ತೀನಿ. ನೀ ಹೊರಗ ಕೂತು ಓದು."

"ನಿಮ್ಮ ಮೊಣಕಾಲುರೀ?"

"ಮೊಣಕಾಲಿಗೇನು ಇಂಗ್ಲಿಷ್ ಪರೀಕ್ಷಾ ಅದ ಏನು?"

ಮರುದಿನದಿಂದ ನಾನು ಪಡಸಾಲೆಯಲ್ಲಿ ಓದಿದೆ. ಒಳಗೆ ಅವರು ಏಳುವಾಗ, ಕೂಡುವಾಗ "ಹರೀ, ಹರೀ" ಎನ್ನುವುದು ಕೇಳುತ್ತಿತ್ತು. ಹನ್ನೊಂದು ವರ್ಷ ಇದೇ ಹೆಂಗಸಿನ ಮೇಲೆ ತವರಿಗೆ ಚಾಡಿ ಬರೆದವಳು ನಾನು. ನಾಚಿಕೆಯಾಯಿತು.

ಪರೀಕ್ಷೆಯ ದಿನ ಕಚೇರಿಯಲ್ಲಿ ಸಾಹೇಬರು ನನ್ನ ಅರ್ಜಿ ನೋಡಿ, ಇಷ್ಟು ವರ್ಷ ಏನೂ ಕೆಲಸ ಮಾಡಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಯಾರ ಹೆದರಿಕೆಯೂ ಇರುವುದಿಲ್ಲ. ಜಾಬ್ ಮಾಡಿಲ್ಲ ಸಾರ್, ವರ್ಕ್ ಹನ್ನೊಂದು ವರ್ಷ ಮಾಡಿದ್ದೇನೆ, ಒಂದು ದಿನವೂ ರಜೆಯಿಲ್ಲದೆ, ಎಂದು ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ. ನಾಲ್ಕಾರು ತಪ್ಪಾದರೂ ಇದ್ದಿರಬೇಕು. ಅವರು ನಕ್ಕು, ಹಾಗಾದರೆ ಈಗ ಅದನ್ನೆಲ್ಲ ಯಾರು ಮಾಡುತ್ತಿದ್ದಾರೆ ಎಂದರು.

"ಮೈ ಮದರ್-ಇನ್-ಲಾ," ಎಂದೆ. ಅತ್ತೆಯ ಹರೀ, ಹರೀ ನೆನಪಾಗಿ ಕಲಿತ ಇಂಗ್ಲಿಷೆಲ್ಲ ಮರೆತುಹೋಯಿತು. ಕೈಮುಗಿದು ಎದ್ದುಬಿಟ್ಟೆ.

ಎಲ್ಲ ಕೆಡಿಸಿದೆನೆಂದುಕೊಂಡೇ ಮನೆಗೆ ಬಂದೆ. ಹದಿನೈದು ದಿನಕ್ಕೆ ಆರ್ಡರ್ ಬಂತು.

ನೌಕರಿಗೆ ಸೇರಿದ ವಾರದಲ್ಲಿ ಒಂದು ಫಾರ್ಮ್ ಕೊಟ್ಟರು. ಮನೆಯವರ ಹೆಸರು, ವಯಸ್ಸು, ಉದ್ಯೋಗ ತುಂಬಬೇಕು. ಪಕ್ಕದ ಟೇಬಲ್ಲಿನ ಅಮರೇಶಪ್ಪ ನಮ್ಮ ಕಡೆಯವರೇ. "ಅತ್ತಿ ಮುಂದ ಗೆರಿ ಎಳದುಬಿಡ್ರಿ ಬಾಯಾರ, ಎಲ್ಲಾರೂ ಹಂಗ ಮಾಡ್ತಾರ," ಎಂದರು. ನನಗೆ ಕೈ ಬರಲಿಲ್ಲ. ಫಾರ್ಮನ್ನು ಮನೆಗೆ ತಂದೆ.

"ಅತ್ತೀ, ನಿಮ್ಮ ಕೆಲಸ ಏನಂತ ಬರೀಲಿ?"

ಒಳಗಿನಿಂದ ನಮ್ಮವರು ಒಂದಾದ ಮೇಲೊಂದು ಇಂಗ್ಲಿಷ್ ಶಬ್ದ ಒದಗಿಸತೊಡಗಿದರು. ಅತ್ತೆ ಮಗನನ್ನು ಸುಮ್ಮನಿರು ಎಂದು ಗದರಿಸಿ ನನ್ನ ಕಡೆ ತಿರುಗಿದರು.

"ನಂದಾ? ಎಂಟೂವರಿ ಬಸ್ಸಿಗೆ ನಿನ್ನ ಕಳಸೋದು. ಹಂಗ ಬರಿ."

ಹಾಗೆಯೇ ಬರೆದೆ, ಕನ್ನಡದಲ್ಲೇ.