ರಮಿತಾಳ ಮೊದಲ ಪಿಸ್ತೂಲು

ಮಗಳು ಪಿಸ್ತೂಲು ಕೊಳ್ಳಲು ಹೊರಟಿದ್ದಾಳೆ ಎಂಬ ಸುದ್ದಿ ದಯಾನಂದನಿಗೆ ಗೊತ್ತಾದದ್ದು ಮಗಳಿಂದಲ್ಲ, ಹೆಂಡತಿ ಪ್ರಫುಲ್ಲಾಳಿಂದ. ಅದೂ ಅವನು ಊಟಕ್ಕೆ ಕೂತಾಗ, ಬಂಗುಡೆ ಸಾರು ಬಡಿಸುತ್ತ, ಮಿಕ್ಸಿ ಕೊಳ್ಳುವ ವಿಷಯ ಹೇಳುವವಳ ಹಾಗೆ.

"ಶನಿವಾರ ನಿಮಗೆ ರಜೆ ಉಂಟಲ್ಲ. ರಮಿತಾಳ ಜೊತೆ ಥಾಣೆಯ ವಾಗ್ಳೆ ಎಸ್ಟೇಟಿಗೆ ಹೋಗಿ ಬನ್ನಿ. ಅಲ್ಲಿ ಅಂಗಡಿ ಉಂಟಂತೆ. ಅವಳಿಗೆ ಸ್ವಂತದ್ದೊಂದು ಬೇಕಂತೆ."

"ಎಂತ ಸ್ವಂತದ್ದು?"

"ಅದೇ, ಗುರಿ ಹೊಡೆಯುವುದು. ನೀವು ಬರಬೇಕು ಅಂತ ಅವಳಿಗೆ ಆಸೆ. ನಿಮ್ಮ ಹತ್ತಿರ ಕೇಳಲಿಕ್ಕೆ ಮುಜುಗರ."

ದಯಾನಂದ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನೀರು ಕುಡಿದ.

ಅವನಿಗೆ ಐವತ್ತೇಳು ವರ್ಷ. ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲೊಂದರ ಕೌಂಟರಿನಲ್ಲಿ ಕೂರುತ್ತಾನೆ. ಕಾರ್ಕಳದ ಕಡೆಯಿಂದ ಹದಿನೇಳನೇ ವಯಸ್ಸಿನಲ್ಲಿ ಬಂದವನು, ಆಮೇಲಿನ ಬದುಕನ್ನೆಲ್ಲ ಯಾವುದಾದರೊಂದು ಹೋಟೆಲಿನ ಕೌಂಟರಿನ ಹಿಂದೆಯೇ ಕಳೆದಿದ್ದಾನೆ. ಒಬ್ಬಳೇ ಮಗಳು ರಮಿತಾ ಐರೋಲಿಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ವರ್ಷಗಳ ಹಿಂದೆ ಗೆಳತಿಯೊಬ್ಬಳ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಂದವಳು ಅಲ್ಲಿಂದ ಪ್ರತಿ ಭಾನುವಾರ ಹೋಗತೊಡಗಿದಳು. ಈಜು, ಗಿಟಾರು ಎಲ್ಲ ಬಿಟ್ಟ ಹಾಗೆ ಇದನ್ನೂ ಬಿಡುತ್ತಾಳೆ ಎಂದುಕೊಂಡು ದಯಾನಂದ ಸುಮ್ಮನಿದ್ದ. ಅವಳು ಬಿಡಲಿಲ್ಲ. ಗೋಡೆಗೆ ಎರಡು ಪದಕ ಬಂದವು. ಅವನು ಒಮ್ಮೆಯೂ ರೇಂಜಿನ ಮೆಟ್ಟಿಲು ಹತ್ತಲಿಲ್ಲ. ಕೌಂಟರು ಬಿಟ್ಟು ಬರಲಾಗುವುದಿಲ್ಲ ಎಂದು ಪ್ರತಿ ಸಲವೂ ಹೇಳಿದ.

ನಿಜವಾದ ಕಾರಣ ಬೇರೆ ಇತ್ತು.

ಇಪ್ಪತ್ತೇಳು ವರ್ಷಗಳ ಹಿಂದೆ ಅವನು ಥಾಣೆಯ ಒಂದು ಪರ್ಮಿಟ್ ರೂಮಿನಲ್ಲಿ, ಎಂದರೆ ಬಾರ್ ಇರುವ ಹೋಟೆಲಿನಲ್ಲಿ, ಕ್ಯಾಶಿಯರ್ ಆಗಿದ್ದ. ಧನಿ ರಘುಪತಿಯವರು ಊರಿನ ಕಡೆಯವರೇ. ಹೋಟೆಲಿನ ಅರ್ಧ ಮಹಡಿಯ ಮೇಲೆ ಅವರ ಕೋಣೆ, ಅಲ್ಲಿಗೆ ಹೋಗಲು ಮರದ ಮೆಟ್ಟಿಲು. ಆ ದಿನಗಳಲ್ಲಿ ಹೋಟೆಲಿನವರಿಗೆಲ್ಲ ರೌಡಿಗಳಿಂದ ಹಫ್ತಾ ಹಣ ಕೇಳುವ ಫೋನುಗಳು ಬರುತ್ತಿದ್ದವು. ರಘುಪತಿಯವರಿಗೂ ಬಂದಿತ್ತು. ಅವರು ಕೊಡುವುದಿಲ್ಲ ಎಂದಿದ್ದರು. ಮಳೆಗಾಲದ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒದ್ದೆ ಅಂಗಿಯ ಒಬ್ಬ ಗಂಡಸು ಒಳಗೆ ಬಂದು ಕೌಂಟರಿನ ಮೇಲೆ ಪಿಸ್ತೂಲು ಇಟ್ಟು, ಅದರ ಮೇಲೆ ಅಂಗೈ ಮುಚ್ಚಿ, "ಶೇಠ್ ಕಿಧರ್?" ಎಂದು ಕೇಳಿದ. ಧನಿ ಎಲ್ಲಿ ಎಂದು ಮೆಲ್ಲಗೆ, ಸಭ್ಯವಾಗಿಯೇ ಕೇಳಿದ.

ದಯಾನಂದನ ಬಲಗೈ ತಾನಾಗಿ ಮೇಲೆದ್ದಿತು. ತೋರುಬೆರಳು ಮರದ ಮೆಟ್ಟಿಲಿನ ಕಡೆ ತೋರಿಸಿತು.

ಎರಡು ಗುಂಡು ಹಾರಿದವು. ರಘುಪತಿಯವರು ಸಾಯಲಿಲ್ಲ. ಬಲಭುಜ ಒಡೆದು, ಆ ಕೈ ಮತ್ತೆ ಎದೆಯ ಮಟ್ಟಕ್ಕೆ ಏಳಲಿಲ್ಲ. ವರ್ಷದೊಳಗೆ ಹೋಟೆಲು ಮಾರಿ ಊರಿಗೆ ಹೋದರು. ಪೊಲೀಸರು ಕೇಳಿದಾಗ ದಯಾನಂದ, "ನಾನು ಅಡಿಗೆಮನೆಯಲ್ಲಿದ್ದೆ, ಏನೂ ನೋಡಿಲ್ಲ" ಎಂದು ಬರೆಸಿದ. ಏಳು ತಿಂಗಳ ಬಸುರಿ ಪ್ರಫುಲ್ಲಾಳಿಗೂ ಅದನ್ನೇ ಹೇಳಿದ. ಎರಡು ತಿಂಗಳಿಗೆ ರಮಿತಾ ಹುಟ್ಟಿದಳು. ಹೇಳಿದ ಸುಳ್ಳು ಹಾಗೆಯೇ ಉಳಿಯಿತು.

ಶನಿವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ರಮಿತಾ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತಲೇ ಬಂದಳು. ಇದು ಸಿಡಿಮದ್ದಿನದಲ್ಲ, ಒತ್ತಿದ ಗಾಳಿಯದು. ಮೆಣಸಿನ ಕಾಳಿನಷ್ಟು ಸೀಸದ ಗುಂಡು. ಇಂಥದ್ದಕ್ಕೆ ಲೈಸೆನ್ಸ್ ಬೇಕಿಲ್ಲ, ಅಂಗಡಿಯ ಬಿಲ್ ಸಾಕು. ಈಗ ಹೊಡೆಯುವ ಕ್ಲಬ್ಬಿನ ಪಿಸ್ತೂಲು ಎಲ್ಲರ ಕೈಗೂ ಹೋಗುವಂಥದ್ದು, ಅದರ ಹಿಡಿ ತನಗೆ ದೊಡ್ಡದು. ಜಿಲ್ಲಾ ಪಂದ್ಯದಲ್ಲಿ ನಾಲ್ಕೇ ಅಂಕಕ್ಕೆ ಪದಕ ತಪ್ಪಿತು.

"ಟೆನ್ಶನ್ ಮತ್ ಲೋ ಪಪ್ಪಾ," ಎಂದಳು. ಅವಳಿಗೆ ಕನ್ನಡ ಚೆನ್ನಾಗಿ ಗೊತ್ತು, ಆದರೆ ಸಮಾಧಾನದ ಮಾತು ಹಿಂದಿಯಲ್ಲೇ ಬರುತ್ತಿತ್ತು. "ಬರೀ ಕಾಗದಕ್ಕೆ ಹೊಡೆಯೋದು."

"ಟೆನ್ಶನ್ ಎಂತದ್ದೂ ಇಲ್ಲ," ಎಂದ ದಯಾನಂದ. ಅವನ ಅಂಗೈ ಬೆವರಿ ಕರವಸ್ತ್ರ ಒದ್ದೆಯಾಗಿತ್ತು.

ಅಂಗಡಿ ವಾಗ್ಳೆ ಎಸ್ಟೇಟಿನ ಒಂದು ಹಳೇ ಕಾರ್ಖಾನೆ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಲೇತ್ ಯಂತ್ರಗಳ ಸದ್ದು, ಮೇಲೆ ಗಾಜಿನ ಬಾಗಿಲು. ಅಂಗಡಿಯ ಹಿಂದೆಯೇ ನಾಲ್ಕು ಸಾಲಿನ ಚಿಕ್ಕ ರೇಂಜು. ಮಾಲಕ ರಂಜನ್ ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಆಡಿದವನು, ತಲೆ ನರೆತಿತ್ತು. ದಯಾನಂದನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಎರಡು ಪೆಟ್ಟಿಗೆಗಳನ್ನು ತೆರೆದ.

"ಮೊದಲು ಕೈಗೆ ಕೂರುವ ಹಿಡಿ ನೋಡಬೇಕು. ಕಂಪನಿ ಹೆಸರು ಆಮೇಲೆ," ಎಂದ ಹಿಂದಿಯಲ್ಲಿ. "ಶೂ ಕೊಂಡ ಹಾಗೆ. ಎಷ್ಟು ಒಳ್ಳೇ ಶೂ ಆದರೂ ಅಳತೆ ತಪ್ಪಿದರೆ ಕಚ್ಚುತ್ತದೆ."

ಹಾಗೆ ಹೇಳುತ್ತ ಮೊದಲನೆಯದನ್ನು ತೆಗೆದು ಗಾಜಿನ ಕೌಂಟರಿನ ಮೇಲೆ ಇಟ್ಟು, ಅದರ ಮೇಲೆ ಕೈಯಿಟ್ಟುಕೊಂಡೇ ನಿಂತ. ಅದರ ನಳಿಗೆ ಗೋಡೆಯ ಕಡೆಗಿತ್ತು. ಒಳಗೆ ಗುಂಡಿಲ್ಲ ಎಂದು ತೋರಿಸಲು ಕಿತ್ತಳೆ ಬಣ್ಣದ ದಾರವೊಂದು ನಳಿಗೆಯುದ್ದಕ್ಕೂ ತೂರಿ ಹೊರಗೆ ಇಣುಕುತ್ತಿತ್ತು. ದಯಾನಂದ ಆ ದಾರವನ್ನು ನೋಡಲಿಲ್ಲ. ಕೌಂಟರು, ಅದರ ಮೇಲೊಂದು ಪಿಸ್ತೂಲು, ಪಿಸ್ತೂಲಿನ ಮೇಲೊಂದು ಗಂಡಸಿನ ಅಂಗೈ, ಇಷ್ಟೇ ಕಂಡಿತು. ಅವನು ಚಹಾದ ಲೋಟವನ್ನು ನೆಲದ ಮೇಲಿಟ್ಟು ಎದ್ದು ಹೊರಗೆ ಹೋದ.

ಮೆಟ್ಟಿಲಿನ ತಿರುವಿನಲ್ಲಿ ಕೂತಿದ್ದವನನ್ನು ಹುಡುಕಿಕೊಂಡು ರಮಿತಾ ಬಂದಳು. ಬಂದವಳೇ ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

"ಎದೆ ನೋವು ಉಂಟಾ ಪಪ್ಪಾ?"

"ಇಲ್ಲ."

"ಮತ್ತೆ ಕಾಯ್ ಝಾಲಂ, ಏನಾಯ್ತು? ಬೆವರು ನೋಡು."

ಏನೋ ಒಂದು ನೆಪ ಹೇಳಬಹುದಿತ್ತು, ಬೆಳಿಗ್ಗೆ ತಿಂಡಿ ತಿಂದಿಲ್ಲ ಎಂದೋ, ಸೆಖೆ ಎಂದೋ. ಆದರೆ ಬಾಯಿ ತೆರೆದಾಗ ಬಂದದ್ದು ಆ ಮಧ್ಯಾಹ್ನದ ಮಾತು. ಒದ್ದೆ ಅಂಗಿ, ಮುಚ್ಚಿದ ಅಂಗೈ, ತನ್ನ ಬೆರಳು, ಅಡಿಗೆಮನೆಯ ಸುಳ್ಳು, ಎಲ್ಲವನ್ನೂ ಹೇಳಿದ. ಕೆಳಗಿನ ಲೇತ್ ಯಂತ್ರದ ಸದ್ದಿಗೆ ಕೆಲವು ಮಾತುಗಳನ್ನು ಎರಡೆರಡು ಸಲ ಹೇಳಬೇಕಾಯಿತು.

ರಮಿತಾ ಅವನ ಪಕ್ಕದಲ್ಲಿ ಕೂತು ಕೇಳಿದಳು. ನಿನ್ನ ತಪ್ಪಲ್ಲ ಎಂದು ಅವಳು ಹೇಳಬಹುದು ಎಂದು ಅವನು ಕಾದ. ಅವಳು ಹೇಳಲಿಲ್ಲ.

"ಅಮ್ಮನಿಗೆ ಗೊತ್ತಾ?" ಎಂದಳು ಕೊನೆಗೆ.

"ಇಲ್ಲ."

"ನಾನು ಕ್ಯಾನ್ಸಲ್ ಮಾಡ್ತೇನೆ. ರಂಜನ್ ಸರ್‌ಗೆ ಹೇಳಿದರಾಯ್ತು. ಕ್ಲಬ್ಬಿನದರಲ್ಲೇ ನಡೆಯುತ್ತದೆ," ಎಂದಳು.

ಬೇಡ ಎಂದು ಹೇಳಲು ಇದಕ್ಕಿಂತ ಒಳ್ಳೇ ಅವಕಾಶ ಅವನಿಗೆ ಸಿಗುವಂತಿರಲಿಲ್ಲ. ಆದರೆ ಅವಳ ಮುಖ ನೋಡಿದ. ನಾಲ್ಕು ಅಂಕಕ್ಕೆ ತಪ್ಪಿ ಬಂದ ದಿನ ಅವಳು ಊಟ ಮಾಡದೆ ಮಲಗಿದ್ದು ನೆನಪಾಯಿತು.

"ಅದು ನನ್ನ ಕಥೆ ಮಗಾ. ನೀನು ಯಾಕೆ ಬಿಡುವುದು? ನಡಿ, ಒಳಗೆ ಹೋಗುವಾ," ಎಂದು ಕಂಬಿ ಹಿಡಿದು ಎದ್ದ.

ರಂಜನ್ ಅವರನ್ನು ಕಂಡು ಎದ್ದ. ಎರಡೂ ಪಿಸ್ತೂಲುಗಳನ್ನು ರೇಂಜಿನ ಮೇಜಿಗೆ ಒಯ್ದು, ಒಂದೊಂದರಲ್ಲಿ ಹತ್ತು ಹತ್ತು ಹೊಡೆದು ನೋಡು ಎಂದ. ದಯಾನಂದ ಗಾಜಿನ ಈಚೆ ನಿಂತ. ಸದ್ದು ಅವನು ಹೆದರಿದ್ದಷ್ಟು ಇರಲಿಲ್ಲ, ಬಾಟಲಿಯ ಬಿರಡೆ ಕಿತ್ತ ಹಾಗೆ ಟಪ್ ಎನ್ನುತ್ತಿತ್ತು. ಆದರೂ ಪ್ರತಿ ಸಲ ಅವನ ಹೆಗಲು ಹಾರುತ್ತಿತ್ತು. ಗುರಿಯ ಕಡೆ ನೋಡಲಾಗದೆ ಅವನು ಮಗಳ ಕೈಯನ್ನೇ ನೋಡಿದ. ನಲವತ್ತು ವರ್ಷ ಕೌಂಟರಿನ ಹಿಂದೆ ಕೂತವನಿಗೆ ಜನರ ಕೈ ನೋಡುವುದು ಅಭ್ಯಾಸ.

ಮೊದಲನೆಯದು ಭಾರದ್ದು, ಹೆಸರಾಂತ ಕಂಪನಿಯದು, ರಮಿತಾಳ ಮನಸ್ಸು ಅದರ ಮೇಲಿತ್ತು. ಎರಡನೆಯದು ಹಗುರ, ಹಿಡಿ ಸಣ್ಣದು, ಯಾರೋ ಎರಡು ವರ್ಷ ಬಳಸಿ ಬಿಟ್ಟದ್ದು. ಎರಡರಲ್ಲೂ ಅಂಕ ಹೆಚ್ಚುಕಡಿಮೆ ಒಂದೇ ಬಂತು. ರಮಿತಾ ಹೊರಗೆ ಬಂದು, "ಮೊದಲನೆಯದೇ ತೆಗೆದುಕೊಳ್ಳಲಾ?" ಎಂದು ರಂಜನ್‌ನನ್ನು ಕೇಳಿದಳು. ರಂಜನ್, "ಅಪ್ಪನನ್ನು ಕೇಳು. ಅವರು ನೋಡುತ್ತಿದ್ದರು," ಎಂದ.

ದಯಾನಂದನಿಗೆ ಮುಜುಗರವಾಯಿತು. "ನನಗೆ ಇದರದ್ದು ಗೊತ್ತಿಲ್ಲ. ಕಂಡದ್ದು ಹೇಳ್ತೇನೆ. ಆ ದೊಡ್ಡದನ್ನು ಎತ್ತುವ ಮೊದಲು ಪ್ರತಿ ಸಲ ನೀನು ಕೈ ಸರಿ ಮಾಡಿಕೊಳ್ತಿ. ಸಣ್ಣದಕ್ಕೆ ಮಾಡಲಿಲ್ಲ. ಮತ್ತೆ ದೊಡ್ಡದರಲ್ಲಿ ಏಳೆಂಟು ಹೊಡೆದ ಮೇಲೆ ಮಣಿಕಟ್ಟು ನಡುಗಲಿಕ್ಕೆ ಶುರುವಾಯ್ತು."

"ಪಂದ್ಯದಲ್ಲಿ ಅರವತ್ತು ಹೊಡೆಯಬೇಕು," ಎಂದ ರಂಜನ್ ರಮಿತಾಳಿಗೆ. "ಹತ್ತರಲ್ಲಿ ಎಲ್ಲರೂ ಚೆನ್ನಾಗಿ ಹೊಡೆಯುತ್ತಾರೆ."

ಅವಳು ಎರಡನೆಯದನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡಳು. ಕಣ್ಣು ಮುಚ್ಚಿ ತೋಳು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬೆರಳು ಟ್ರಿಗರಿನ ಮೇಲೆ ಅದರ ಜಾಗದಲ್ಲೇ ಬಂದು ಕೂತಿತು. "ಇದೇ," ಎಂದಳು.

ಥಾಣೆ ಸ್ಟೇಷನ್ನಿನಲ್ಲಿ ರಮಿತಾ ಟಿಕೆಟಿಗೆ ಸಾಲಿನಲ್ಲಿ ನಿಂತಳು. ಪೆಟ್ಟಿಗೆ ದಯಾನಂದನ ಕೈಯಲ್ಲಿತ್ತು. ಚೀಲ ತಪಾಸಣೆಯ ಯಂತ್ರದ ಹತ್ತಿರ ನಿಂತಿದ್ದ ಪೊಲೀಸನೊಬ್ಬ ಅವನನ್ನೇ ಬೆರಳಿನಿಂದ ಕರೆದ. ಪೆಟ್ಟಿಗೆ ಯಂತ್ರದೊಳಗೆ ಹೋಯಿತು, ಓಡುತ್ತಿದ್ದ ಪಟ್ಟಿ ನಿಂತಿತು. ಪರದೆ ನೋಡುತ್ತಿದ್ದವನು ತಲೆಯೆತ್ತಿದ. ಹಿಂದಿದ್ದ ಜನ ಎರಡು ಹೆಜ್ಜೆ ಸರಿದರು.

"ಇದರಲ್ಲಿ ಏನಿದೆ?"

ಪೆಟ್ಟಿಗೆ ನನ್ನದಲ್ಲ, ಏನಿದೆಯೋ ಗೊತ್ತಿಲ್ಲ ಎಂಬ ಮಾತು ದಯಾನಂದನ ಬಾಯಿಗೆ ಬಂದೇಬಿಟ್ಟಿತು. ಅದನ್ನು ನುಂಗಲು ಒಂದು ಕ್ಷಣ ಬೇಕಾಯಿತು.

"ಪಿಸ್ತೂಲು ಸಾಹೇಬ್. ಗಾಳಿಯದು, ಆಟದ್ದು. ನನ್ನ ಮಗಳದು," ಎಂದು ಕಿಸೆಯಿಂದ ಅಂಗಡಿಯ ಬಿಲ್ ತೆಗೆದ. "ಅವಳು ಟಿಕೆಟಿಗೆ ನಿಂತಿದ್ದಾಳೆ. ಕರೆಯುತ್ತೇನೆ."

ಮೇಲಧಿಕಾರಿಯನ್ನು ಕರೆಸಿದರು. ಪೆಟ್ಟಿಗೆ ತೆರೆಸಿದರು. ರಮಿತಾ ಓಡಿ ಬಂದು ಕ್ಲಬ್ಬಿನ ಗುರುತಿನ ಚೀಟಿ ತೋರಿಸಿದಳು. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು, ರೈಲಿನಲ್ಲಿ ಪೆಟ್ಟಿಗೆ ತೆರೆಯಬೇಡಿ ಎಂದು ಹೇಳಿ ಕಳಿಸಿದರು. ಪ್ಲಾಟ್‌ಫಾರ್ಮಿಗೆ ಇಳಿಯುವಾಗ ರಮಿತಾ ಪೆಟ್ಟಿಗೆಯನ್ನು ತಾನು ತೆಗೆದುಕೊಂಡು, ಇನ್ನೊಂದು ಕೈಯಿಂದ ಅಪ್ಪನ ತೋಳು ಹಿಡಿದಳು.

ಸಂಜೆ ಅವನು ಪ್ರಫುಲ್ಲಾಳಿಗೂ ಎಲ್ಲ ಹೇಳಿದ. ಅವಳು ಗ್ಯಾಸ್ ಆರಿಸಿ, ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದಳು. ಅವಳಿಗೆ ಸಿಟ್ಟು ಬಂದದ್ದು ಬೆರಳಿನ ವಿಷಯಕ್ಕಲ್ಲ.

"ಇಷ್ಟು ವರ್ಷ ನನ್ನ ಪಕ್ಕ ಮಲಗಿ, ಮೊದಲು ಹೇಳಿದ್ದು ಮಗಳಿಗಾ?" ಎಂದಳು. ಎದ್ದು ಮತ್ತೆ ಗ್ಯಾಸ್ ಹಚ್ಚಿದಳು. ಬಡಿಸುವಾಗ, "ರಘುಪತಿ ಧನಿಗಳು ಇದ್ದಾರಲ್ಲ ಇನ್ನೂ. ಅವರಿಗೆ ಹೇಳಿ. ನಮಗೆ ಹೇಳಿ ಎಂತ ಪ್ರಯೋಜನ?" ಎಂದಳು.

ನಂಬರು ಅವನ ಮೊಬೈಲಿನಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಗ್ಯಾಲರಿಯಲ್ಲಿ ನಿಂತು ಫೋನು ಮಾಡಿದ. ಮೂರು ಸಲ ರಿಂಗಾಗುವಷ್ಟರಲ್ಲಿ ಕತ್ತರಿಸಿಬಿಡೋಣ ಎನ್ನಿಸಿತು.

"ಧನಿಗಳೇ, ನಾನು ದಯಾನಂದ. ಥಾಣೆಯಲ್ಲಿ ನಿಮ್ಮ ಕೌಂಟರಿನಲ್ಲಿದ್ದವ."

"ಗೊತ್ತಾಯ್ತು. ಸ್ವರ ಹಾಗೇ ಉಂಟು."

"ಆ ದಿವಸ ನಾನು ಅಡಿಗೆಮನೆಯಲ್ಲಿರಲಿಲ್ಲ. ಅವನಿಗೆ ಮೆಟ್ಟಿಲು ತೋರಿಸಿದ್ದು ನಾನು."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ಯಾರನ್ನೋ ಕರೆದರು.

"ನನ್ನ ಕೋಣೆಗೆ ಗಾಜಿನ ಕಿಟಕಿ ಇತ್ತಲ್ಲ ಮಾರಾಯ," ಎಂದರು ರಘುಪತಿ. "ಕೌಂಟರು ಪೂರಾ ಕಾಣ್ತಿತ್ತು."

ದಯಾನಂದ ಗ್ಯಾಲರಿಯ ಸರಳು ಹಿಡಿದುಕೊಂಡ. "ನೀವು ಪೊಲೀಸರಿಗೆ ಹೇಳಲಿಲ್ಲ."

"ನೀನು ಅಡಿಗೆಮನೆ ಅಂತ ಬರೆಸಿಯಾಗಿತ್ತು. ನಿನ್ನ ಹೆಂಡತಿ ಬಸುರಿ. ಹಾಗೇ ಇರಲಿ ಅಂದುಕೊಂಡೆ. ಸಿಟ್ಟು ಇರಲಿಲ್ಲ ಅಂತಲ್ಲ. ತುಂಬ ವರ್ಷ ಇತ್ತು. ಎಡಗೈಯಲ್ಲಿ ಉಣ್ಣುವಾಗೆಲ್ಲ ನಿನ್ನ ನೆನಪಾಗ್ತಿತ್ತು."

"ಈಗ?"

"ಈಗ ಎಡಗೈಯೇ ಅಭ್ಯಾಸ ಆಗಿದೆ," ಎಂದರು. ಸ್ವಲ್ಪ ಕೆಮ್ಮಿದರು. "ಇಷ್ಟು ವರ್ಷ ಬಿಟ್ಟು ಈಗ ಯಾಕೆ ಹೇಳಿದೆ?"

ದಯಾನಂದ ಮಗಳ ವಿಷಯ ಹೇಳಿದ. ಅಂಗಡಿಗೆ ಹೋದದ್ದು, ಕೊಂಡದ್ದು.

"ಆಗ ಹೊಟ್ಟೆಯಲ್ಲಿದ್ದದ್ದು ಇವಳೇ?"

"ಹೌದು."

"ಊರಿಗೆ ಬಂದಾಗ ಕರೆದುಕೊಂಡು ಬಾ. ನೋಡುವಾ," ಎಂದು ಅವರು ಫೋನು ಇಟ್ಟರು.

ಕ್ಷಮಿಸಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಒಳಗೆ ರಮಿತಾ ರೇಂಜಿಗೆ ಹೊರಡುತ್ತಿದ್ದಳು, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕೊರಳ ಸರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವನು ಇವತ್ತು ಕೌಂಟರಿಗೆ ಬರುವುದಿಲ್ಲ ಎಂದು ಹೋಟೆಲಿಗೆ ಫೋನು ಮಾಡಿ, ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟ. ಇಡೀ ಮಧ್ಯಾಹ್ನ ಗಾಜಿನ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಮೊದಲ ಹೊಡೆತಕ್ಕೆ ಹೆಗಲು ಹಾರಿತು, ಮೂವತ್ತನೆಯದಕ್ಕೂ ಹಾರಿತು. ಅರವತ್ತು ಮುಗಿಯುವವರೆಗೆ ಅವನು ಏಳಲಿಲ್ಲ.