ಯಾವಾಗಿಂದ?

ಸುಶಮೀಂದ್ರ ಡಾಕ್ಟರು ಯಾರ ಮಂಚದ ಬಳಿ ನಿಂತರೂ ಹೆಸರು ಕೇಳುವುದಿಲ್ಲ. “ಯಾವಾಗಿಂದ?” ಎನ್ನುತ್ತಾರೆ. ಜ್ವರ ಶುರುವಾದದ್ದು ಯಾವಾಗ ಅಂತ. ಚೆನ್ನೈನ ಮೈಲಾಪೂರಿನ ಆ ಆಸ್ಪತ್ರೆಯ ನರ್ಸುಗಳು ಅವರಿಗೆ ತಮಿಳಿನಲ್ಲಿ ‘ಎಪ್ಪೋ ಡಾಕ್ಟರ್’, ಅಂದರೆ ‘ಯಾವಾಗ ಡಾಕ್ಟರ್’ ಎಂದೇ ಹೆಸರಿಟ್ಟಿದ್ದಾರೆ. ಲಿಫ್ಟ್ ಹತ್ತುವವರಲ್ಲ. ಎಡಕ್ಕೆ ವಾಲಿಕೊಂಡು, ಸವೆದ ಚಪ್ಪಲಿ ಎಳೆಯುತ್ತ, ಹೃದಯದ ವಾರ್ಡಿನಿಂದ ಕಿಡ್ನಿ ವಾರ್ಡಿಗೆ, ಅಲ್ಲಿಂದ ಹೆರಿಗೆ ವಾರ್ಡಿಗೆ, ಐದು ಮಹಡಿಯನ್ನೂ ದಿನಕ್ಕೆರಡು ಸಲ ಹತ್ತಿಳಿಯುವ ಈ ಮನುಷ್ಯ ಹುಡುಕುವುದು ಒಂದನ್ನೇ: ಫ್ಲೂ.

ನನ್ನ ತಮ್ಮ ಹರಿದಾಸ, ತಾನು ಕೆಲಸ ಮಾಡುವ ಹೋಟೆಲಿನ ಅಡಿಗೆಮನೆಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಇದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಿಂಡಿಗೂ ಊಟಕ್ಕೂ ನಡುವೆ ಬಿಡುವು ಸಿಕ್ಕಾಗೆಲ್ಲ ಹೋಟೆಲಿನವರು ನಾಲ್ಕು ನಾಲ್ಕು ಮಂದಿ ನೋಡಲು ಬಂದರು. ಮೂರನೆಯ ದಿನ ಜ್ವರ. ಎಲುಬಿನ ಡಾಕ್ಟರು, “ಆಪರೇಷನ್ ಆದ್ಮೇಲೆ ಬರೋದೇ, ನೋಡೋಣ” ಎಂದರು. ಹೋದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ಹೃದಯದ ತೊಂದರೆಗೆಂದು ಸೇರಿಸಿದ್ದ ನನ್ನ ಗಂಡ ಚಂದುವಿಗೆ ಜ್ವರ ಬಂದಾಗಲೂ ಹೀಗೇ ನೋಡೋಣ ಎಂದಿದ್ದರು. ಎಲ್ಲರೂ ಹೃದಯ ನೋಡಿದರು. ಫ್ಲೂ ಎಂದು ಗೊತ್ತಾದದ್ದು ಆರನೆಯ ದಿನ. ಎಂಟನೆಯ ದಿನ ಅವರಿರಲಿಲ್ಲ.

ಚಪ್ಪಲಿ ಸದ್ದು ಬಂತು.

“ಯಾವಾಗಿಂದ?”

“ಬೆಳಿಗ್ಗೆ ಕಾಫಿ ಆದ ಮೇಲೆ.”

“ದಿನಾ ಕಾಫಿ ತರೋರು ಯಾರಮ್ಮ? ಕೆಮ್ಮು ಗಿಮ್ಮು ಇತ್ತಾ?”

ಹರಿದಾಸ ನರಳುತ್ತಲೇ ಹೇಳಿದ: “ನಮ್ಮ ಹೋಟೆಲಿನ ಪ್ರವೀಣ. ಅವ ಸೀನಿದ್ರೆ ಸಾಂಬಾರಿನ ಮುಚ್ಚಳ ಹಾರ್ತದೆ ಮಾರಾಯ್ರೆ!”

ಬೇರೆ ಡಾಕ್ಟರುಗಳು ಪೆನ್ನು ಇಡುವ ಜೇಬಿನಿಂದ ಇವರು ಹತ್ತಿಕಡ್ಡಿ ತೆಗೆದು ಅವನ ಮೂಗಿಗೆ ಹಾಕಿದರು. “ರಿಪೋರ್ಟ್ ಮೆಲ್ಲ ಬರಲಿ ಪಾ. ಮಾತ್ರೆ ಈಗ್ಲೇ.” ಎಲುಬಿನ ಡಾಕ್ಟರು ಮುಖ ಸಿಂಡರಿಸಿದರು. ಇವರು ಕೈ ಮುಗಿದರು: “ಎಲುಬು ನಿಮ್ದು ಸಾರ್. ಮೂಗು ನಂದು.”

ರಿಪೋರ್ಟೂ ಫ್ಲೂ ಎಂದೇ ಬಂತು. ಹರಿದಾಸನನ್ನು ಬೇರೆ ಕೋಣೆಗೆ ಹಾಕಿದರು. ಹೋಟೆಲಿನವರನ್ನು ಒಳಗೆ ಬಿಡಲಿಲ್ಲ. ಅವರು ರಸ್ತೆಯಲ್ಲೇ ನಿಂತು, ಅವತ್ತು ಯಾವ ಪಲ್ಯ ಎಂದು ಕಿಟಕಿಗೆ ಕೂಗಿ ಹೇಳಿದರು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಬಿಟ್ಟದ್ದು ಗೊತ್ತಾದದ್ದು ಅವನ ಬಾಯಿಂದ.

“ಇದು ಇಡ್ಲಿಯಾ ಅಕ್ಕ? ಇದ್ರಲ್ಲಿ ಗೋಡೆ ಕಟ್ಟಬಹುದು!”

ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಕೆಂಪು ಕಣ್ಣು ನೋಡಿ ಜೇಬಿಗೆ ಕೈ ಹಾಕಿದರು. “ನಿಮಗೆ ಯಾವಾಗಿಂದ?”

“ವರ್ಷ ಆಯ್ತು ಡಾಕ್ಟ್ರೇ.”

ಕೈ ಬರಿದಾಗಿ ಹೊರಬಂತು. ಎಂದೂ ಕೂರದ ಮನುಷ್ಯ ಸ್ಟೂಲ್ ಎಳೆದು ಕೂತರು. ಏನಾಯಿತೆಂದು ಕೇಳಿದರು. ನಾನು ಚಂದು ಬಗ್ಗೆ ಹೇಳಿದೆ.

ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯನನ್ನು ವಾರ್ಡು ವಾರ್ಡಿಗೂ ಹಂಚಿರುತ್ತಾರೆ. ಅವನನ್ನು ಒಟ್ಟು ಸೇರಿಸಲು ಇಂಥವರೊಬ್ಬರು ಬೇಕು. ಇನ್ನೂ ಹೊತ್ತಿದ್ದರೆ ಇವರು ಬಂದು ‘ಯಾವಾಗಿಂದ’ ಎಂದು ಕೇಳುತ್ತಾರೆ. ಹೊತ್ತು ಮೀರಿದ್ದರೆ ಪಕ್ಕದಲ್ಲಿ ಕೂರುತ್ತಾರೆ.